ಸುಳ್ಳು ಫೋಟೋ ಬಯಲಿಗೆಳೆದ ಹುಡುಗಿಗೆ ಶಾಲೆಯ ಬಾಗಿಲು ಮುಚ್ಚಿದವರಿಗೆ

ಹದಿಹರೆಯದವರ ಡಿಜಿಟಲ್ ಶಿಸ್ತು ಕೋಶದ ಮುಖ್ಯಸ್ಥರಿಗೆ, ಹಾವೇರಿ

ಮಾನ್ಯರೇ,

ಹತ್ತನೇ ತರಗತಿಯ ಪರೀಕ್ಷೆ ಹೊಸ್ತಿಲಿಗೆ ಬಂದು ನಿಂತಿರುವಾಗ ನನ್ನ ಮಗಳನ್ನು ತರಗತಿಯೊಳಗೆ ಬಿಡಬಾರದೆಂದು ತಾವು ಆದೇಶ ಹೊರಡಿಸಿದ್ದೀರಿ. ಅವಳು ಮಾಡಿದ ಅಪರಾಧ ಇಷ್ಟು: ಗೆಳತಿಯ ಹೆಸರಿಗೆ ಮಸಿ ಬಳಿಯಲು ಯಾರೋ ತಯಾರಿಸಿ ಹರಿಬಿಟ್ಟ ಫೋಟೋವೊಂದು ಸುಳ್ಳೆಂದು ಊರವರ ಎದುರಿಗೆ ತೋರಿಸಿಕೊಟ್ಟಳು. ಆ ಫೋಟೋ ಮಾಡಿದವರ ಬಗ್ಗೆ ತಮ್ಮ ಆದೇಶದಲ್ಲಿ ಒಂದು ಸಾಲೂ ಇಲ್ಲ. ಅದನ್ನು ಮನೆಮನೆಗೆ ಹಂಚಿದವರ ಬಗ್ಗೆಯೂ ಇಲ್ಲ. ಹಿಡಿದುಕೊಟ್ಟವಳ ಬಗ್ಗೆ ಮಾತ್ರ ಒಂದು ಪೂರ್ತಿ ಪುಟವಿದೆ. 'ಇನ್ನು ಮುಂದೆ ಕಂಪ್ಯೂಟರ್ ಮುಟ್ಟುವುದಿಲ್ಲ, ನನ್ನಿಂದ ತಪ್ಪಾಗಿದೆ' ಎಂದು ಬರೆದುಕೊಟ್ಟರೆ ಕ್ಷಮಿಸುವುದಾಗಿ ತಾವು ಔದಾರ್ಯ ತೋರಿದ್ದೀರಿ. ಅವಳು ಬರೆದುಕೊಡುವುದಿಲ್ಲ. ಬರೆದುಕೊಡು ಎಂದು ನಾನೂ ಹೇಳುವುದಿಲ್ಲ. ಇದನ್ನು ತಮ್ಮ ಕೋಣೆಗೆ ಬಂದು ಮೆಲುದನಿಯಲ್ಲಿ ಹೇಳಿ ನೋಡಿದೆ, ಕಿವಿಗೆ ಬೀಳಲಿಲ್ಲ. ಆದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಾನು ಬ್ಯಾಡಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಎಲ್ಲವೂ ನಮ್ಮಲ್ಲಿ ಆಗುತ್ತದೆ. ಮಗಳು ಸ್ನೇಹಾ ಶಾಲೆ ಬಿಟ್ಟೊಡನೆ ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಮದುವೆಯ ಗುಂಪು ಫೋಟೋದಲ್ಲಿ ಬೀಗರು ಕಣ್ಣು ಮುಚ್ಚಿದ್ದರೆ ಇನ್ನೊಂದು ಫೋಟೋದ ಕಣ್ಣು ತಂದು ತೆರೆಸುತ್ತಾಳೆ. ಮೋಡ ಕವಿದ ಆಕಾಶವನ್ನು ನೀಲಿ ಮಾಡುತ್ತಾಳೆ. ಮುನಿಸಿಕೊಂಡು ಮದುವೆಗೆ ಬಾರದ ಅತ್ತೆಯೊಬ್ಬರನ್ನು ಬಂದ ಹಾಗೆ ನಿಲ್ಲಿಸಿಕೊಟ್ಟದ್ದೂ ಉಂಟು. ಆ ಅತ್ತೆ ಆಲ್ಬಮ್ ನೋಡಿ, ತಾನು ಉಟ್ಟ ಸೀರೆ ಚೆನ್ನಾಗಿ ಬಂದಿದೆ ಎಂದರಂತೆ! ಇಂಥ ಚಿಕ್ಕ ಚಿಕ್ಕ ಸುಳ್ಳುಗಳನ್ನು ಗಿರಾಕಿಗಳ ಒಪ್ಪಿಗೆಯಿಂದ ನಿತ್ಯ ತಯಾರಿಸುವ ಹುಡುಗಿಗೆ ದೊಡ್ಡ ಸುಳ್ಳಿನ ಹೊಲಿಗೆ ಎಲ್ಲಿ ಬಿಚ್ಚುತ್ತದೆ ಎಂಬುದು ಗೊತ್ತಿರುತ್ತದೆ. ತಾವು ಇದನ್ನು ಚಟ ಎಂದು ಕರೆದಿದ್ದೀರಿ. ನಾವು ಕಸುಬು ಎನ್ನುತ್ತೇವೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ತಮ್ಮ ಆದೇಶದಲ್ಲಿ ಆ ಮೊದಲೇ ಇಲ್ಲ.

ಸ್ನೇಹಾಳ ಬೆಂಚಿನಲ್ಲಿ ಕೂರುವ ಶ್ರೀದೇವಿ ಕಾಗಿನೆಲೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ಅವಳ ತಂದೆ ಶಂಕ್ರಪ್ಪ ಒಳ್ಳೆಯ ಹೊಲವುಳ್ಳವರು, ಊರಲ್ಲಿ ನಾಲ್ಕು ಜನ ಕೇಳುವ ಮಾತಿನವರು. ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಆ ಊರಿನ ವಾಟ್ಸ್ಆಪ್ ಗುಂಪಿಗೆ ಒಂದು ಫೋಟೋ ಬಂತು. ಗಳಗನಾಥದ ಗುಡಿಯ ಮುಂದೆ ಶ್ರೀದೇವಿ ಕೊರಳಲ್ಲಿ ಹಾರ ಹಾಕಿಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ಹಾರ ಹಾಕಿಕೊಂಡ ಯಾವನೋ ಒಬ್ಬ. 'ಓಡಿಹೋಗಿ ಮದುವೆ' ಎಂದು ಕೆಳಗೆ ಬರೆದಿತ್ತು. ಹುಡುಗಿ ಆ ಹೊತ್ತಿಗೆ ಮನೆಯ ಹಿತ್ತಿಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಆದರೆ ಕಣ್ಣೆದುರಿನ ಹುಡುಗಿಯನ್ನು ಯಾರೂ ನೋಡಲಿಲ್ಲ, ಕೈಯೊಳಗಿನ ಫೋಟೋ ನೋಡಿದರು. ಅಂದೇ ಅವಳ ಶಾಲೆ ನಿಂತಿತು. ರಾಣೆಬೆನ್ನೂರಿನ ಸೋದರಮಾವನ ಮನೆಗೆ ಕಳಿಸುವುದು, ಅಲ್ಲೇ ಯಾರಿಗಾದರೂ ಮಾತು ಕೊಟ್ಟುಬಿಡುವುದು ಎಂಬಲ್ಲಿಗೆ ಹಿರಿಯರ ಪಂಚಾಯಿತಿ ಮುಗಿಯಿತು. ಹುಡುಗಿಗೆ ಇನ್ನೂ ಹದಿನಾರು ತುಂಬಿಲ್ಲ ಎಂಬುದು ಕಾನೂನಿಗೆ ಗೊತ್ತಿತ್ತು. ಪಂಚಾಯಿತಿಗೂ ಗೊತ್ತಿತ್ತು.

ನಮ್ಮ ಸ್ಟುಡಿಯೋಗೆ ಆ ಫೋಟೋ ತಂದವನು ನನ್ನ ತಮ್ಮನ ಮಗ ಯುವರಾಜ. ಅವನೂ ಹತ್ತನೇ ತರಗತಿ. ಮೊಬೈಲಿನಿಂದ ಕತ್ತು ಎತ್ತದ ಹುಡುಗ. ತಂದು ತೋರಿಸುವ ಮೊದಲೇ ಹತ್ತಾರು ಜನರಿಗೆ ಕಳಿಸಿಯೂ ಆಗಿತ್ತು. ಸ್ನೇಹಾ ನೋಡಿದಳು. ಮೊದಲು ಅವಳೂ ನಂಬಿದಳು, ಇದನ್ನು ನಾನು ಮುಚ್ಚಿಡುವುದಿಲ್ಲ. 'ನನಗ ಒಂದು ಮಾತು ಹೇಳಲಿಲ್ಲಲ್ಲಪ್ಪಾ ಅಕಿ' ಎಂದು ಕಣ್ಣು ತುಂಬಿಕೊಂಡು ಮೂಲೆಗೆ ಹೋಗಿ ಕೂತಳು. ಸಿಟ್ಟು ಇಳಿದ ಮೇಲೆ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದಳು. ನಾನು ಗಿರಾಕಿಯೊಬ್ಬರಿಗೆ ಗಲ್ಲ ಎತ್ತಿರಿ ಎನ್ನುತ್ತಿದ್ದೆ, ಒಳಗಿನಿಂದ ಕೂಗಿದಳು.

'ಅಪ್ಪಾ, ಇಕಿ ಎಡಗಿವಿ ಎಲ್ಲಿ ಐತಿ ನೋಡು.'

ಕಿವಿ ಇರಬೇಕಾದಲ್ಲಿ ಬಣ್ಣ ಬಳಿದ ಹಾಗೆ ಏನೋ ಇತ್ತು. ಬಲಗಿವಿಯಲ್ಲಿ ಓಲೆ, ಎಡಗಡೆ ಓಲೆಯೂ ಇಲ್ಲ, ಕಿವಿಯ ಆಕಾರವೂ ಇಲ್ಲ. ಗುಡಿಯ ಕಂಬದ ನೆರಳು ಒಂದು ಕಡೆಗೆ ಬಿದ್ದಿದ್ದರೆ ಹುಡುಗಿಯ ಮೂಗಿನ ನೆರಳು ಇನ್ನೊಂದು ಕಡೆಗೆ. ಸ್ನೇಹಾ ಆ ಮುಖವನ್ನೇ ನೋಡುತ್ತ ಕೂತಳು. ಈ ರಿಬ್ಬನ್ನು, ಬಿಸಿಲಿಗೆ ಕಿರಿದಾದ ಈ ಕಣ್ಣು, ಎಲ್ಲೋ ನೋಡಿದ್ದೇನೆ ಎಂದಳು. ಬಳಿಕ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಸಂಜೆಯೊಳಗೆ ಸಿಕ್ಕಿತು.

ಎಲ್ಲಿ ಸಿಕ್ಕಿತು ಎಂದು ತಾವು ಕೇಳಲೇ ಇಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ತಮ್ಮ ಕೋಶದ ಪುಟದಲ್ಲಿ! ಡಿಸೆಂಬರಿನಲ್ಲಿ ತಾವು ಶಾಲೆಗೆ ಬಂದು ಮಕ್ಕಳಿಂದ 'ಮೊಬೈಲ್ ಮುಟ್ಟೆವು' ಎಂದು ಪ್ರತಿಜ್ಞೆ ಮಾಡಿಸಿದಿರಲ್ಲ, ಆ ದಿನದ ಗುಂಪು ಫೋಟೋ. ಯಾರ ಪಾಲಕರನ್ನೂ ಕೇಳದೆ, ಹೆಣ್ಣುಮಕ್ಕಳ ಮುಖಗಳು ಒಂದೊಂದೂ ಸ್ಪಷ್ಟವಾಗಿ ಕಾಣುವಂತೆ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತಾವೇ ಹಾಕಿದ್ದಿರಿ. ನಡುವೆ ತಾವು ಬಲಗೈ ಎತ್ತಿ ನಿಂತಿದ್ದೀರಿ. ಎರಡನೆಯ ಸಾಲಿನಲ್ಲಿ ಶ್ರೀದೇವಿ. ಅವಳ ಎಡಗಿವಿಯನ್ನು ಪ್ರತಿಜ್ಞೆಗೆಂದು ಪಕ್ಕದ ಹುಡುಗಿ ಎತ್ತಿದ ತೋಳು ಮರೆ ಮಾಡಿದೆ. ಆ ತೋಳು ನನ್ನ ಮಗಳದ್ದೇ. ಮೊಬೈಲಿನ ಅಪಾಯದಿಂದ ಮಕ್ಕಳನ್ನು ಕಾಪಾಡಲು ಬಂದವರು, ಕಳ್ಳನಿಗೆ ಬೇಕಾದ ಸಾಮಾನನ್ನು ಅಂಗಳದಲ್ಲಿ ಹರವಿಟ್ಟು ಹೋಗಿದ್ದಿರಿ. ಈಗ ಹೇಳಿ, ಇಲ್ಲಿ ಡಿಜಿಟಲ್ ಅಕ್ಷರ ಬಾರದವರು ಯಾರು?

ಮರುದಿನ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಾಗಿನೆಲೆಗೆ ಹೋದೆ. ಶಂಕ್ರಪ್ಪನವರ ಪಡಸಾಲೆಯಲ್ಲಿ ಜನ ಕೂತಿದ್ದರು. ಫೋಟೋವನ್ನು ಮೊದಲು ಆ ಮನೆಗೆ ತಂದು ತೋರಿಸಿದ ಉಡಚಪ್ಪ ಎಂಬ ಹಿರಿಯರು ಕಂಬಕ್ಕೆ ಒರಗಿ ಕೂತು ಮೀಸೆ ನೀವುತ್ತಿದ್ದರು.

'ಏನ್ರೀ ರುದ್ರಮುನಿ, ನೀವೂ ಬುದ್ಧಿ ಹೇಳಾಕ ಬಂದೀರೇನು?' ಎಂದರು ಶಂಕ್ರಪ್ಪ, ಮುಖ ಎತ್ತದೆ.

'ಇಲ್ರೀ. ಫೋಟೋ ಸುಳ್ಳೈತ್ರಿ, ಅದನ್ನ ಹೇಳಾಕ ಬಂದೀವಿ.'

ಉಡಚಪ್ಪ ನಕ್ಕರು. 'ಮನಷ್ಯಾ ಸುಳ್ಳು ಹೇಳತಾನ. ಫೋಟೋ ಎಲ್ಲ್ಯಾರ ಸುಳ್ಳು ಹೇಳತೈತೇನ್ರಿ? ನೀವ ಫೋಟೋ ತೆಗಿಯಾವ್ರು, ನಿಮಗ ಗೊತ್ತಿಲ್ಲೇನು?'

ನನಗೆ ಗೊತ್ತಿತ್ತು, ಅದೇ ನನ್ನ ಕಸುಬು. ಆಗ ಸ್ನೇಹಾ ಮುಂದೆ ಬಂದು, 'ಕಾಕಾ, ಒಂದೀಟು ಹಂಗ ಕುಂದ್ರಿ' ಎಂದು ಉಡಚಪ್ಪನವರದೊಂದು, ಶಂಕ್ರಪ್ಪನವರದೊಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡಳು. ಸ್ಟುಡಿಯೋದಿಂದ ತಂದಿದ್ದ ಲ್ಯಾಪ್‌ಟಾಪ್ ತೆರೆದು ನೆಲದ ಮೇಲೆ ಕೂತಳು. ಎಲ್ಲರಿಗೂ ಚಹಾ ಬಂದು, ಕುಡಿದು ಮುಗಿಯುವಷ್ಟರಲ್ಲಿ ಪರದೆಯನ್ನು ಅವರ ಕಡೆ ತಿರುಗಿಸಿದಳು. ಗಳಗನಾಥದ ಅದೇ ಗುಡಿ, ಅದೇ ಹಾರಗಳು. ಹಾರ ಹಾಕಿಕೊಂಡು ಮದುಮಕ್ಕಳಂತೆ ನಿಂತವರು ಮಾತ್ರ ಶಂಕ್ರಪ್ಪ ಮತ್ತು ಉಡಚಪ್ಪ!

ಉಡಚಪ್ಪ ಕಣ್ಣಿಗೆ ಹತ್ತಿರ ತಂದು ನೋಡಿದರು. 'ಏ ತಂಗಿ, ನಾ ಇಲ್ಲೇ ಕುಂತೇನಿ. ಗಳಗನಾಥಕ್ಕ ಯಾವಾಗ ಹೋಗಿದ್ನಿ?'

'ಶ್ರೀದೇವಿನೂ ಹಿತ್ತಲದಾಗ ಇದ್ಲು ಕಾಕಾ. ಅಕಿ ಯಾವಾಗ ಹೋಗಿದ್ಲು?'

ಒಳಬಾಗಿಲಲ್ಲಿ ನಿಂತಿದ್ದ ಶ್ರೀದೇವಿಯ ತಾಯಿ ನೀಲಗಂಗವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಗುತ್ತ ನಗುತ್ತ ಅಳಲು ಶುರುಮಾಡಿದರು. ಸ್ನೇಹಾ ಆ ಹೊತ್ತಿಗೆ ತಮ್ಮ ಪ್ರತಿಜ್ಞೆಯ ಫೋಟೋ ತೆಗೆದು, ಮುಖ ಎಲ್ಲಿಂದ ಬಂತು, ಕಿವಿ ಯಾಕೆ ಇಲ್ಲ, ನೆರಳು ಯಾಕೆ ತಪ್ಪಿದೆ ಎಂದು ಒಂದೊಂದಾಗಿ ತೋರಿಸಿದಳು. ಶಂಕ್ರಪ್ಪ ಎಲ್ಲ ನೋಡಿದರು. ಬಳಿಕ ಮಗಳನ್ನು ಕರೆದರು. ಶ್ರೀದೇವಿ ಹೊರಗೆ ಬಂದಳು. ಆದರೆ ಹತ್ತಿರ ಹೋಗಲಿಲ್ಲ.

'ಇದನ್ನ ನಾ ಮೊದಲ ಹೇಳಿದ್ನೆಲ್ಲಪ್ಪಾ. ಅಳಕೋತ ಹೇಳಿದ್ನಿ. ನಿನ್ನ ಕಾಲು ಹಿಡದು ಹೇಳಿದ್ನಿ. ನೀ ನಂಬಲಿಲ್ಲ. ಈಗ ಲ್ಯಾಪ್‌ಟಾಪ್ ಹೇಳಿದ ಮ್ಯಾಲ ನಂಬಿದಿ.'

ಮಾನ್ಯರೇ, ನಾನು ಸಾವಿರಾರು ಮುಖಗಳನ್ನು ಫೋಟೋದಲ್ಲಿ ಹಿಡಿದಿದ್ದೇನೆ. ಆ ಕ್ಷಣದ ಆ ತಂದೆಯ ಮುಖದ ಕಡೆ ನನಗೆ ನೋಡಲಾಗಲಿಲ್ಲ. ಮರುದಿನ ಅವರೇ ಬೈಕಿನಲ್ಲಿ ಕರೆತಂದು, ಶಾಲೆಯ ಗೇಟಿನಲ್ಲಿ ಎಲ್ಲರೂ ನೋಡುವಂತೆ ಮಗಳನ್ನು ಇಳಿಸಿ ಹೋದರು. ಪೊಲೀಸ್ ಠಾಣೆಗೂ ಹೋಗಿ ದೂರು ಕೊಟ್ಟರು. ತನಿಖೆ ನಡೆದಿದೆ.

ಶಾಲೆಯ ಮುಖ್ಯೋಪಾಧ್ಯಾಯಿನಿ ಪದ್ಮಾಬಾಯಿಯವರು ಇದನ್ನೆಲ್ಲ ಕೇಳಿ ಸ್ನೇಹಾಳನ್ನು ಕರೆಸಿದರು. 'ನೀ ಹೆಂಗ ಕಂಡುಹಿಡದಿ ಅನ್ನೋದನ್ನ ಉಳಿದ ಮಕ್ಕಳಿಗೂ ತೋರಸು' ಎಂದರು. ಶನಿವಾರ ಕಂಪ್ಯೂಟರ್ ಕೋಣೆಯಲ್ಲಿ ಕೂಟ ಶುರುವಾಯಿತು. ಫೋಟೋ ಹೇಗೆ ಬದಲಾಗುತ್ತದೆ, ದನಿಯನ್ನು ಹೇಗೆ ನಕಲು ಮಾಡುತ್ತಾರೆ, ಒಂದು ಸುದ್ದಿ ಮೊದಲು ಎಲ್ಲಿ ಹುಟ್ಟಿತೆಂದು ಹೇಗೆ ಹುಡುಕುವುದು ಎಂಬುದನ್ನು ಮಕ್ಕಳು ತಾವೇ ಮಾಡಿ ಕಲಿತರು. ಮೊದಲ ದಿನ ಬಂದವರಲ್ಲಿ ನಮ್ಮ ಯುವರಾಜನೂ ಇದ್ದ. ತಾನೇ ಒಂದು ಸುಳ್ಳು ಫೋಟೋ ಮಾಡಲು ಕೂತು, ಸಂಜೆಯವರೆಗೆ ಹೆಣಗಿ, 'ಇಷ್ಟು ಕಷ್ಟಪಟ್ಟು ಒಬ್ಬಾಕಿ ಮಾನ ಕಳಿಯಾಕ ಕುಂದರತಾರಲ್ಲ ದೊಡ್ಡಪ್ಪಾ, ಅವರಿಗೆ ಎಷ್ಟು ಹಗೆ ಇರಬೇಕು' ಎಂದ. ಅಲ್ಲಿಯವರೆಗೆ ಅವನಿಗೆ ಅದು ಬರೀ ಮಜಾ ಆಗಿತ್ತು.

ಆಮೇಲೆ ಆದದ್ದಕ್ಕೆ ಸ್ವಲ್ಪ ಶಂಕ್ರಪ್ಪನವರ ಸಂತೋಷವೇ ಕಾರಣ. ಉಡಚಪ್ಪನ ಜೊತೆ ಹಾರ ಹಾಕಿಕೊಂಡ ಆ ಫೋಟೋವನ್ನು ಅವರು ಸ್ನೇಹಾಳಿಂದ ಇಸಿದುಕೊಂಡು, ಸಿಕ್ಕವರಿಗೆಲ್ಲ ತೋರಿಸಿ ನಕ್ಕರು, ಕೇಳಿದವರಿಗೆಲ್ಲ ಕಳಿಸಿದರು. ಅದು ಊರೂರು ಸುತ್ತಿ ತಮ್ಮ ಮೊಬೈಲಿಗೂ ಬಂತು. ತಾವು ಅದನ್ನು ಬಣ್ಣದಲ್ಲಿ ಮುದ್ರಿಸಿ, 'ವಿದ್ಯಾರ್ಥಿನಿಯು ಗೌರವಾನ್ವಿತ ನಾಗರಿಕರ ನಕಲಿ ಚಿತ್ರಗಳನ್ನು ತಯಾರಿಸುತ್ತಿರುವುದಕ್ಕೆ ಸಾಕ್ಷ್ಯ' ಎಂದು ಆದೇಶಕ್ಕೆ ಲಗತ್ತಿಸಿದಿರಿ. ಕಂಪ್ಯೂಟರ್ ಕೋಣೆಗೆ ಬೀಗ ಬಿತ್ತು. ನನ್ನ ಮಗಳಿಗೆ ತರಗತಿ ಬಂದ್ ಆಯಿತು.

ಹಾವೇರಿಯ ತಮ್ಮ ಕಚೇರಿಗೆ ನಾವು ಬಂದ ದಿನ ತಮಗೆ ನೆನಪಿರಬಹುದು. ನಾನು, ಶಂಕ್ರಪ್ಪ, ಇಬ್ಬರು ಹುಡುಗಿಯರು. ತಾವು ಮೊದಲು ಕೇಳಿದ ಪ್ರಶ್ನೆ, 'ನಿಮ್ಮ ಮಗಳು ದಿನಕ್ಕೆ ಎಷ್ಟು ತಾಸು ಸ್ಕ್ರೀನ್ ನೋಡುತ್ತಾಳೆ?' ನಾನು ಇದ್ದದ್ದನ್ನು ಹೇಳಿದೆ. ತಾವು ತಲೆಯಾಡಿಸಿ 'ನೋಡಿದಿರಾ' ಎಂದಿರಿ, ರೋಗ ಸಿಕ್ಕಿತೆಂಬಂತೆ. ತಾಸು ಎಣಿಸುವುದೇ ಅಳತೆಯಾದರೆ ಸ್ನೇಹಾಳೂ ಯುವರಾಜನೂ ತಮ್ಮ ತಕ್ಕಡಿಯಲ್ಲಿ ಒಂದೇ ತೂಕ. ಆದರೆ ಒಬ್ಬಳು ಸುಳ್ಳನ್ನು ಹಿಡಿದಳು, ಇನ್ನೊಬ್ಬ ಅದನ್ನು ಹಂಚಿದ. ಅಡುಗೆಮನೆಯಲ್ಲಿ ಅಡುಗೆ ಮಾಡುವವಳೂ ಇರುತ್ತಾಳೆ, ಹಾಲಿಗೆ ಹೊಂಚು ಹಾಕುವ ಬೆಕ್ಕೂ ಇರುತ್ತದೆ. ಇಬ್ಬರೂ ಎಷ್ಟು ತಾಸು ಒಳಗಿದ್ದರು ಎಂದು ಬರೆದುಕೊಂಡರೆ ಅಡುಗೆಯ ವಿಷಯ ಏನು ತಿಳಿದ ಹಾಗಾಯಿತು? ಯಂತ್ರದ ಮುಂದೆ ಸುಮ್ಮನೆ ಬಾಯಿ ತೆರೆದು ಕೂರುವುದು ಬೇರೆ, ಅದನ್ನು ಬಿಚ್ಚಿ, ಕೆಡಿಸಿ, ಸರಿಮಾಡಿ, ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದು ಬೇರೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮೊದಲನೆಯದರಲ್ಲಿ ಮುಳುಗಿದ್ದಾರೆ, ಅದು ನನಗೂ ಚಿಂತೆಯ ವಿಷಯವೇ. ಆದರೆ ಅವರನ್ನು ಎರಡನೆಯದಕ್ಕೆ ದಾಟಿಸುವ ಬದಲು, ದಾಟಿದವಳ ಕಾಲನ್ನೇ ಹಿಡಿದೆಳೆಯುವುದು ಯಾವ ಸೀಮೆಯ ಶಿಸ್ತು?

ತಾವು ಅಂದು ನನಗೆ ಹೇಳಿದ ಮಾತು, 'ಮಕ್ಕಳು ಇದರಲ್ಲಿ ಇಷ್ಟು ಆಳಕ್ಕೆ ಇಳಿಯಬಾರದು ರುದ್ರಮುನಿಯವರೇ. ಮೇಲ್ಮೇಲಿನ ಅರಿವು ಸಾಕು.' ಅದಕ್ಕೆ ಉತ್ತರ ಕೊಟ್ಟವರು ಶಂಕ್ರಪ್ಪ.

'ಸಾಹೇಬ್ರ, ನಮ್ಮ ಕಡೆ ವರದಾ ಹೊಳಿ ಐತ್ರಿ. ಅದರಾಗ ಮುಳುಗಿದವರನ್ನ ನೋಡೇನಿ. ದಂಡಿಮ್ಯಾಲ ನಿಂತು ಕಾಲು ಜಾರಿದವರ ಹೆಚ್ಚು. ಆಳ ಕಂಡಾಂವಗ ಹೊಳಿ ಅಂದ್ರ ಅಂಜಿಕಿ ಇರತೈತ್ರಿ. ಅದಕ್ಕ ಅಂವ ಉಳೀತಾನ.'

ತಾವು ಆ ಮಾತಿಗೆ ಹೋಗಲಿಲ್ಲ. ಮುದ್ರಿಸಿದ ಫೋಟೋವನ್ನು ಅವರ ಮುಂದೆ ಸರಿಸಿ, 'ಇದರಲ್ಲಿರುವ ಹಿರಿಯರ ಮಾನ ಹೋಗಿದೆ, ಅವರ ಪರವಾಗಿ ಯಾರು ಮಾತಾಡುತ್ತಾರೆ?' ಎಂದಿರಿ. ಪಾಪ, ಎದುರು ಕೂತವರ ಮುಖವನ್ನೂ ಫೋಟೋವನ್ನೂ ಹೋಲಿಸಿ ನೋಡುವಷ್ಟು ಮೇಲ್ಮೇಲಿನ ಅರಿವೂ ಅಂದು ತಮ್ಮ ಬಳಿ ಇರಲಿಲ್ಲ.

'ಇದರಾಗಿನ ಮದಿಮಗ ನಾನ ರೀ' ಎಂದರು ಶಂಕ್ರಪ್ಪ. 'ಇದನ್ನ ಊರಿಗೆಲ್ಲಾ ಕಳಿಸಿದಾಂವನೂ ನಾನ. ನನ್ನ ಮಾನ ಉಳದದ್ದ ಈ ಫೋಟೋದಿಂದ ರೀ.'

ತಾವು ಫೋಟೋವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡಿರಿ. ಬಳಿಕ, 'ಹಾಗಿದ್ದರೂ ತಮಗೆ ದೂರು ಕೊಡುವ ಹಕ್ಕಿದೆ' ಎಂದಿರಿ. ಆ ಗಳಿಗೆಯಲ್ಲಿ ನನಗೆ ತಮ್ಮ ಮೇಲಿದ್ದ ಸಿಟ್ಟು ಹೋಗಿ ಬೆರಗು ಹುಟ್ಟಿತು. ಕಣ್ಣೆದುರು ಶ್ರೀದೇವಿ ಕೂತಿದ್ದಳು. ಅವಳ ಹೆಸರನ್ನು ತಾವು ಒಮ್ಮೆಯೂ ಕೇಳಲಿಲ್ಲ. ಯಾರ ಬಾಳು ಹಾಳಾಗುವುದರಲ್ಲಿತ್ತೋ ಅವಳು ತಮಗೆ ಜೊತೆಗೆ ಬಂದ ಯಾರೋ ಹುಡುಗಿ. ಕೊನೆಗೆ ತಾವು ಬಿಳಿ ಹಾಳೆ, ಪೆನ್ನು ಕೊಟ್ಟು ಸ್ನೇಹಾಳಿಗೆ ತಪ್ಪೊಪ್ಪಿಗೆ ಬರೆಯಲು ಹೇಳಿದಿರಿ. ಅವಳು ಪೆನ್ನನ್ನು ಮೇಜಿನ ಮೇಲೆಯೇ ಇಟ್ಟು ಹೇಳಿದ ಮಾತನ್ನು ತಮ್ಮ ವರದಿಯಲ್ಲಿ 'ಉದ್ಧಟತನ' ಎಂದು ಬರೆದಿದ್ದೀರಂತೆ. ಓದುಗರೇ ತೀರ್ಮಾನಿಸಲಿ. ಅವಳು ಅಂದದ್ದು ಇಷ್ಟು:

'ನಾ ತಪ್ಪು ಮಾಡೇನಿ ಅಂತ ಬರದ್ರ ಅದು ಖೊಟ್ಟಿ ಆಕ್ಕೈತ್ರಿ ಸರ್. ಖೊಟ್ಟಿ ಬರಿಬಾರದು ಅಂತನ ನಾನು ಉಳಿದವರಿಗೆ ಹೇಳಾಕತ್ತೇನಿ.'

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಧೈರ್ಯವಾಗಿ ಮಾತಾಡಿದವರಿಗೆ ಅಳು ಬರುವುದಿಲ್ಲ ಎಂದೇನಿಲ್ಲ. ಪರೀಕ್ಷೆಗೆ ಕೂರಲು ಬಿಡದಿದ್ದರೆ ಏನು ಗತಿ ಎಂಬ ಭಯ ಅವಳಿಗೂ ಇತ್ತು, ನನಗೂ ಇತ್ತು. 'ಅಪ್ಪಾ, ನಾ ಬರದುಕೊಟ್ಟಿದ್ರ ಚಲೋ ಇತ್ತೇನು?' ಎಂದು ಕೇಳಿದಳು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಸೀಟಿನಿಂದ ಶ್ರೀದೇವಿ ಅವಳ ಕೈ ಹಿಡಿದು, 'ನೀ ಬರದುಕೊಟ್ಟಿದ್ರ ನನ್ನ ಫೋಟೋ ಖರೇ ಆಗತಿತ್ತು' ಎಂದಳು. ಅಲ್ಲಿಂದ ಮುಂದೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಮತ್ತೆ ಏಳಲಿಲ್ಲ.

ಮುಂದಿನದು ತಮಗೆ ಇನ್ನೂ ತಿಳಿದಿರಲಿಕ್ಕಿಲ್ಲ. ತಿಳಿಸಿಬಿಡುತ್ತೇನೆ. ಸೋಮವಾರ ಮುಂಜಾನೆ ಕಾಗಿನೆಲೆಯಿಂದ, ಬ್ಯಾಡಗಿಯ ಓಣಿಗಳಿಂದ, ಹೆಣ್ಣುಮಕ್ಕಳ ತಂದೆತಾಯಿಗಳು ಶಾಲೆಗೆ ಬಂದರು. ಕರೆತಂದವರು ನೀಲಗಂಗವ್ವ. ಕೂಗಾಟ ಮಾಡಲಿಲ್ಲ, ಘೋಷಣೆ ಹಾಕಲಿಲ್ಲ. ಸ್ನೇಹಾಳನ್ನು ಒಳಗೆ ಬಿಟ್ಟರೆ ನಮ್ಮ ಮಕ್ಕಳೂ ಒಳಗೆ ಬರುತ್ತಾರೆ, ಇಲ್ಲದಿದ್ದರೆ ಎಲ್ಲರೂ ಹೊರಗೇ ಕೂರುತ್ತಾರೆ ಎಂದು ಆವರಣದ ಬೇವಿನ ಮರದ ಕೆಳಗೆ ಕೂತರು. ಪದ್ಮಾಬಾಯಿಯವರು ನಿವೃತ್ತಿಯ ಅಂಚಿನಲ್ಲಿರುವವರು, ಯಾವ ಆದೇಶವನ್ನೂ ಮೀರಿದವರಲ್ಲ. ಬಹಳ ಹೊತ್ತು ಕೋಣೆಯ ಕಿಟಕಿಯಿಂದ ನೋಡಿದರು. ಬಳಿಕ ಹೊರಗೆ ಬಂದು ಸ್ನೇಹಾಳ ಭುಜದ ಮೇಲೆ ಕೈ ಇಟ್ಟು, 'ಒಳಗ ನಡಿ. ಯಾರರೆ ಕೇಳಿದರ, ನನ್ನನ್ನ ಕೇಳಲಿ ಅಂತ ಹೇಳು. ಹಾಲ್ ಟಿಕೆಟ್ ನನ್ನ ಹತ್ತಿರ ಅದ, ಅದನ್ನ ನಾನ ಕೈಯಾರೆ ಕೊಡ್ತೀನಿ' ಎಂದರು. ಆ ದಿನದಿಂದ ನನ್ನ ಮಗಳು ತರಗತಿಯಲ್ಲಿ ಕೂರುತ್ತಿದ್ದಾಳೆ. ತಮ್ಮ ಆದೇಶ ಹಾಗೇ ಇದೆ, ಪಾಲಿಸುವವರು ಇಲ್ಲ ಅಷ್ಟೇ. ಅದಕ್ಕಾಗಿ ಪದ್ಮಾಬಾಯಿಯವರ ಮೇಲೆ ಕ್ರಮ ಕೈಗೊಳ್ಳುವ ಆಲೋಚನೆ ತಮಗಿದ್ದರೆ, ಬೇವಿನ ಮರದ ಕೆಳಗೆ ಇನ್ನೂ ಬಹಳ ಜಾಗವಿದೆ ಎಂದು ನೀಲಗಂಗವ್ವ ಹೇಳಿಕಳಿಸಿದ್ದಾರೆ.

ಕಂಪ್ಯೂಟರ್ ಕೋಣೆಯ ಬೀಗ ಮಾತ್ರ ತೆಗೆದಿಲ್ಲ, ಬೀಗದ ಕೈ ತಮ್ಮಲ್ಲಿದೆ. ಆದ್ದರಿಂದ ಶನಿವಾರದ ಕೂಟ ಈಗ ನನ್ನ ಸ್ಟುಡಿಯೋದಲ್ಲಿ ನಡೆಯುತ್ತದೆ. ಅಂದು ಮಧ್ಯಾಹ್ನದ ಮೇಲೆ ನಾನು ಗಿರಾಕಿಗಳನ್ನು ತೆಗೆದುಕೊಳ್ಳುವುದಿಲ್ಲ. ಮಕ್ಕಳು ಪರದೆಯ ಮುಂದೆ ನೆಲದ ಮೇಲೆ ಕೂರುತ್ತಾರೆ. ಕಳೆದ ವಾರ ಉಡಚಪ್ಪನವರೂ ಬಂದಿದ್ದರು. ಊರಿನ ವಾಟ್ಸ್ಆಪ್ ಗುಂಪಿಗೆ ಬಂದ ಒಂದು ವಿಡಿಯೋ ತೋರಿಸಿ, 'ಇದನ್ನ ಕಳಸಬೇಕೋ ಬ್ಯಾಡೋ ನೋಡ್ ತಂಗಿ, ನನಗ ಇದರಾಗಿನವನ ಕಿವಿ ಸರಿ ಕಾಣವಲ್ದು' ಎಂದರು.

ತಮ್ಮಿಂದ ನಾನು ದಯೆ ಕೇಳುತ್ತಿಲ್ಲ. ಆದೇಶವನ್ನು ಹಿಂದಕ್ಕೆ ಪಡೆಯಿರಿ, ಹೊರಡಿಸಿದಷ್ಟೇ ಬಹಿರಂಗವಾಗಿ. ಕೋಣೆಯ ಬೀಗ ತೆಗೆಯಿರಿ. ನಮ್ಮ ಹೆಣ್ಣುಮಕ್ಕಳ ಫೋಟೋ ತಮ್ಮ ಪುಟದಲ್ಲಿ ಈ ಪತ್ರ ಬರೆಯುತ್ತಿರುವ ಹೊತ್ತಿಗೂ ಹಾಗೇ ಇದೆ, ಅದನ್ನು ಇಂದೇ ತೆಗೆದುಹಾಕಿ. ಹೇಗೆ ತೆಗೆಯುವುದೆಂದು ತಿಳಿಯದಿದ್ದರೆ ಸಂಕೋಚ ಬೇಡ, ಶನಿವಾರ ನಮ್ಮಲ್ಲಿಗೆ ಬನ್ನಿ. ನಮ್ಮ ಕೂಟವೂ ಆದೇಶದ ಉಲ್ಲಂಘನೆ ಎಂದು ತಮಗೆ ಅನ್ನಿಸಿದರೂ ಅಂದೇ ಬಂದು ಸ್ಟುಡಿಯೋಗೆ ಬೀಗ ಹಾಕಿ. ಶ್ರೀದೇವಿ ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ಕಲಿಯಬೇಡ, ಎದ್ದು ಮನೆಗೆ ಹೋಗು ಎಂದು ಅವಳ ಮುಖ ನೋಡಿ ತಾವೇ ಹೇಳಿ.

ಇಂತಿ,
ಮಗಳನ್ನು ಹದ್ದುಬಸ್ತಿನಲ್ಲಿಡಲು ಬಾರದ, ಬಾರದ್ದಕ್ಕೆ ಈಗೀಗ ಹೆಮ್ಮೆಪಡಲು ಕಲಿತ ತಂದೆ,
ರುದ್ರಮುನಿ
ಫೋಟೋ ಸ್ಟುಡಿಯೋ, ಬ್ಯಾಡಗಿ